ಮೂರೂವರೆ ಸೂತಿನ ಬೋಲ್ಟು

ಆ ಜೀಪು ನಮ್ಮ ಗ್ಯಾರೇಜಿಗೆ ಬಂದದ್ದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಆಗಷ್ಟೇ ಏರುತ್ತಿದ್ದ ದಿನಗಳಲ್ಲಿ. ಎಂಬತ್ತರ ದಶಕ ಮುಗಿಯಲು ಬಂದಿತ್ತು. ರಾಣೆಬೆನ್ನೂರಿನ ಹೆದ್ದಾರಿ ಪಕ್ಕದ ತಗಡಿನ ಶೆಡ್ಡು ಉಸ್ತಾದರದು. ಅವರಿಗೆ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಅವರು ಕುರ್ಚಿಯಲ್ಲಿ ಕೂತು ಶಬ್ದ ಕೇಳಿಯೇ ರೋಗ ಹೇಳುತ್ತಿದ್ದರು. ಗಾಡಿಯ ಕೆಳಗೆ ಮಲಗುವ ಕೆಲಸವೆಲ್ಲ ನನ್ನದು. ಊರಿನವರು ನನ್ನನ್ನೂ ಮಿಸ್ತ್ರಿ ಎಂದು ಕರೆಯಲು ಶುರುಮಾಡಿದ್ದರು. ಆ ಹೆಸರು ನನ್ನ ತಲೆಗೆ ಸ್ವಲ್ಪ ಏರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಜೀಪಿನ ಮಾಲೀಕರು ದೇವರಗುಡ್ಡದ ಕಡೆಯ ಒಂದು ಹಳ್ಳಿಯವರು. ಬ್ಯಾಡಗಿಯಲ್ಲಿ ಅವರಿಗೆ ಮೆಣಸಿನಕಾಯಿ ಅಂಗಡಿ ಇತ್ತು. ಸುಗ್ಗಿಯಲ್ಲಿ ಕಾಯಿಯ ತೊಟ್ಟು ಬಿಡಿಸಲು ತಮ್ಮೂರಿನ ಹೆಂಗಸರನ್ನೇ ಬೆಳಿಗ್ಗೆ ಜೀಪಿನಲ್ಲಿ ಕರೆದೊಯ್ದು ಸಂಜೆ ಮರಳಿ ತಂದುಬಿಡುತ್ತಿದ್ದರು. ಎಂಟು ಮಂದಿಯ ಜೀಪಿನಲ್ಲಿ ಹನ್ನೊಂದು ಹನ್ನೆರಡು ಮಂದಿ ಕೂರುವುದು ಮಾಮೂಲು. ಓಡಿಸುತ್ತಿದ್ದವನು ಐರಣಿಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾತು ಕಡಿಮೆ. ಗೇರನ್ನು ಹೊಡೆದು ಹಾಕುವ ಡ್ರೈವರುಗಳ ನಡುವೆ ಇವನದು ಮೆತ್ತನೆಯ ಕೈ. ಅವನ ಗಾಡಿಯ ಕ್ಲಚ್ ಪ್ಲೇಟು ಬೇರೆಯವರದಕ್ಕಿಂತ ಎರಡು ಪಟ್ಟು ದಿನ ಬಾಳುತ್ತಿತ್ತು. ಅವನ ಮೇಲೆ ನನಗೆ ಗೌರವವಿತ್ತು, ಅದಕ್ಕೆ ಕಾರಣ ಇಷ್ಟೇ.

ಆ ಜೀಪಿನ ಹಳೆಯ ಪೆಟ್ರೋಲ್ ಎಂಜಿನ್ನು ತೆಗೆದು ಯಾವುದೋ ಊರಿನ ಗ್ಯಾರೇಜಿನಲ್ಲಿ ಜಪಾನಿನ ಡೀಸೆಲ್ ಎಂಜಿನ್ನು ಕೂರಿಸಿ ಮೂರು ವರ್ಷವಾಗಿತ್ತು. ಎಂಜಿನ್ನು ಬದಲಾದರೂ ಗೇರ್‌ಬಾಕ್ಸು ಜೀಪಿನ ಹಳೆಯದೇ. ಎರಡಕ್ಕೂ ಮುಖ ಕೂಡುವುದಿಲ್ಲವಾದ್ದರಿಂದ ನಡುವೆ ಒಂದು ದಪ್ಪ ಕಬ್ಬಿಣದ ತಟ್ಟೆ ಕೊಟ್ಟು ಜೋಡಿಸಿದ್ದರು. ಈಗ ಹಳೆಯ ಗೇರ್‌ಬಾಕ್ಸಿನ ಎರಡನೇ ಗೇರಿನ ಹಲ್ಲು ಉದುರಿತ್ತು. ಮಾಲೀಕರು ಹುಬ್ಬಳ್ಳಿಯ ಗುಜರಿಯಲ್ಲಿ ಹುಡುಕಿ ಅದೇ ಜಪಾನಿ ಎಂಜಿನ್ನಿನ ಜೋಡಿಯಾದ ಐದು ಗೇರಿನ ಬಾಕ್ಸು ತಂದಿದ್ದರು. ಇನ್ನು ನಡುವಿನ ತಟ್ಟೆ ಬೇಕಿರಲಿಲ್ಲ. ಎಂಜಿನ್ನಿನ ಬೆನ್ನಿಗೆ ಗೇರ್‌ಬಾಕ್ಸಿನ ಮುಖವನ್ನು ನೇರ ಕೂರಿಸಿ ಆರು ಬೋಲ್ಟು ಬಿಗಿದರೆ ಮುಗಿಯಿತು ಎಂದು ನಾನು ಲೆಕ್ಕ ಹಾಕಿದೆ.

ಮೊದಲ ದಿನ ಹಳೆಯದನ್ನು ಇಳಿಸಿದೆ. ಹಿಂದಿನ ಗಾಲಿಗೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟು ಬಿಚ್ಚುವ ಮೊದಲು ಚಾಣದಿಂದ ಗುರುತು ಹೊಡೆದೆ, ಎಣ್ಣೆ ಇಳಿಸಿದೆ, ಎಂಜಿನ್ನಿನ ಬುಡಕ್ಕೆ ಮರದ ದಿಮ್ಮಿ ಕೊಟ್ಟೆ. ಎರಡನೇ ದಿನ ಹಿಂದಿನ ಆಧಾರದ ಪಟ್ಟಿಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ ಕೂರಿಸಿದೆ, ಏಕೆಂದರೆ ಹೊಸ ಬಾಕ್ಸು ಉದ್ದವಿತ್ತು, ಭಾರವೂ ಇತ್ತು. ಕ್ಲಚ್ ಪ್ಲೇಟನ್ನು ನಡುಮಧ್ಯಕ್ಕೆ ತಂದೆ. ಎಲ್ಲ ಸರಿಯಾಯಿತು. ಉಳಿದದ್ದು ಬೋಲ್ಟು. ತಟ್ಟೆಯ ಜೊತೆ ಎಂಜಿನ್ನಿನಿಂದ ಬಿಚ್ಚಿ ಬಂದ ಆರು ಬೋಲ್ಟುಗಳು ಹೊಸ ಬಾಕ್ಸಿನ ಕಿವಿಗೆ, ಅಂದರೆ ಬೋಲ್ಟು ತೂರುವ ಅಂಚಿನ ಚಾಚಿಗೆ, ಗಿಡ್ಡವಾದವು. ಅವಕ್ಕಿಂತ ಅರ್ಧ ಅಂಗುಲ ಹೆಚ್ಚು ಉದ್ದದವು ಬೇಕಿತ್ತು.

ನಮ್ಮ ಕಡೆ ಬೋಲ್ಟನ್ನು ಯಾರೂ ಅಳತೆ ಹೇಳಿ ಕೊಳ್ಳುತ್ತಿರಲಿಲ್ಲ. ಹಳೆಯದೊಂದನ್ನು ನಮೂನೆಗೆಂದು ಕಿಸೆಗೆ ಹಾಕಿಕೊಂಡು ಹೋಗಿ ಅಂಗಡಿಯವರ ಮುಂದೆ ಇಟ್ಟರೆ ಸಾಕು. ಅವರು ಡಬ್ಬಿಯಿಂದ ಒಂದನ್ನು ತೆಗೆದು ಎರಡರ ಥ್ರೆಡ್ಡನ್ನೂ, ಅಂದರೆ ಮೈಮೇಲಿನ ಸುತ್ತು ಗೀರುಗಳನ್ನು, ಒಂದಕ್ಕೊಂದು ಒತ್ತಿ ಬೆಳಕಿಗೆ ಹಿಡಿಯುತ್ತಾರೆ. ನಡುವೆ ಬೆಳಕು ಕಾಣದಿದ್ದರೆ ಅದೇ ಬೋಲ್ಟು. ಉಸ್ತಾದರು ಹಾಗೆಯೇ ಕಲಿತಿದ್ದರು, ನನಗೂ ಹಾಗೆಯೇ ಕಲಿಸಿದ್ದರು. ಆ ಉದ್ದದ ಗಟ್ಟಿ ಬೋಲ್ಟು ರಾಣೆಬೆನ್ನೂರಿನಲ್ಲಿ ಸಿಗಲಿಲ್ಲ. ನಾನು ಕೈಯೆಲ್ಲ ಗ್ರೀಸು ಮಾಡಿಕೊಂಡು ಕೂತಿದ್ದೆ. ಡ್ರೈವರು ತಾನೇ ಹಾವೇರಿಗೆ ಹೋಗಿ ಬರುವೆನೆಂದ. ಬಿಚ್ಚಿದ ಆರರಲ್ಲಿ ಒಂದನ್ನು ಒರೆಸಿ ಅವನ ಅಂಗಿಯ ಕಿಸೆಗೆ ನಾನೇ ಹಾಕಿದೆ. ಅವನು ಬಸ್ಸು ಹತ್ತಿ ಹೋಗಿ ಮಧ್ಯಾಹ್ನದ ಊಟದ ಹೊತ್ತಿಗೆ ಆರು ಹೊಸ ಬೋಲ್ಟು ತಂದ. ಮೂರೂವರೆ ಸೂತು, ಸಣ್ಣ ಥ್ರೆಡ್ಡು ಎಂದು ಅಂಗಡಿಯವರು ಹೇಳಿ ಕಳಿಸಿದ್ದರು. ಒಂದು ಸೂತು ಎಂದರೆ ಅಂಗುಲದ ಎಂಟನೆಯ ಒಂದು ಭಾಗ. ನಮೂನೆಯನ್ನೂ ಹೊಸದನ್ನೂ ನಾನೂ ಬೆಳಕಿಗೆ ಹಿಡಿದು ನೋಡಿದೆ. ಕೂದಲು ತೂರುವಷ್ಟೂ ಸಂದಿ ಇರಲಿಲ್ಲ.

ಆರೂ ಬೋಲ್ಟು ಬೆರಳಲ್ಲೇ ತಿರುಗಿಕೊಂಡು ಕೊನೆಯವರೆಗೆ ಹೋದವು. ಹಾಗೆ ಹೋಗುವುದು ಒಳ್ಳೆಯ ಲಕ್ಷಣ ಎಂದೇ ನಮ್ಮ ತಿಳುವಳಿಕೆ. ಆದರೆ ಪೂರ್ತಿ ಬಿಗಿಯುವ ಮೊದಲು ತಲೆ ಹಿಡಿದು ಅಲುಗಿಸಿದರೆ ಅವು ಅಳ್ಳಾಡುತ್ತಿದ್ದವು. ಮೇಲಿನ ಎರಡಂತೂ ಸ್ಪಷ್ಟವಾಗಿ. ನಾನು ಉಸ್ತಾದರಿಗೆ ಹೇಳಿದೆ. ಅವರು ಕುರ್ಚಿಯಿಂದಲೇ, ಹಳೆಯ ಎಂಜಿನ್ನು, ತೂತು ಸವೆದಿರುತ್ತದೆ, ತಾಮ್ರದ ಎಳೆ ಕೊಟ್ಟು ಬಿಗಿ ಎಂದರು. ಸವೆದ ಥ್ರೆಡ್ಡಿನ ಸಂದಿಯಲ್ಲಿ ವಯರಿನ ಒಂದು ಎಳೆ ತಾಮ್ರ ಸುತ್ತಿ ತಿರುಗಿಸಿದರೆ ಬೋಲ್ಟು ಕಚ್ಚಿಕೊಳ್ಳುತ್ತದೆ. ಸೈಲೆನ್ಸರಿಗೆ, ಮಡ್‌ಗಾರ್ಡಿಗೆ ನಾವು ಎಷ್ಟೋ ಸಲ ಮಾಡಿದ ಕೆಲಸ. ಮೇಲಿನ ಎರಡಕ್ಕೂ ಎಳೆ ಕೊಟ್ಟೆ. ಬಿಗಿಯುವಾಗ ಸ್ಪ್ಯಾನರಿಗೆ ಒಳ್ಳೆಯ ಬಿಗಿ ಸಿಕ್ಕಿತು. ಆ ಬಿಗಿ ತಾಮ್ರದ್ದು, ಬೋಲ್ಟಿನದಲ್ಲ ಎಂದು ನನ್ನ ಕೈಗೆ ಗೊತ್ತಾಗಬೇಕಿತ್ತು. ಗೊತ್ತಾಯಿತೋ ಇಲ್ಲವೋ, ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ಸಂಜೆಗೆ ಗಾಡಿ ಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು.

ಎಂಜಿನ್ನಿನ ಮುಖದಲ್ಲಿ ಥ್ರೆಡ್ಡಿಲ್ಲದ ಎರಡು ತೂತುಗಳು ಖಾಲಿ ಇದ್ದದ್ದನ್ನೂ ನೋಡಿದ್ದೆ. ಏನಕ್ಕೋ ಇರಬೇಕು ಎಂದುಕೊಂಡು ಬಿಟ್ಟೆ.

ಒಂಬತ್ತು ದಿನ ಜೀಪು ಚೆನ್ನಾಗಿ ಓಡಿತು. ಐದನೇ ಗೇರಿನಲ್ಲಿ ಎಂಜಿನ್ನು ಸದ್ದೇ ಮಾಡದೆ ಹಗುರಾಗಿ ಓಡುತ್ತದೆಂದು ಡ್ರೈವರು ಬಂದು ಹೇಳಿ ಚಹಾ ಕುಡಿಸಿ ಹೋದ. ಹತ್ತನೆಯ ದಿನ ಹೊತ್ತು ಇಳಿಯುವ ಮುಂಚೆ, ಹೆಂಗಸರನ್ನು ಬಿಡಲು ಹೋಗುವಾಗ, ಅವರ ಊರಿನ ಹೊರಗಿನ ಏರಿನಲ್ಲಿ ಜೀಪು ನಡುದಾರಿಯಲ್ಲಿ ಎಳೆತ ಕಳೆದುಕೊಂಡು ಹಿಂದಕ್ಕೆ ಜಾರಿತು. ಬ್ರೇಕು ಹಿಡಿದರೂ ಆ ಭಾರಕ್ಕೆ ನಿಲ್ಲದೆ ಓರೆಯಾಗಿ ಹೋಗಿ ಎಡಗಡೆಯ ಕಂದಕಕ್ಕೆ ಬಿದ್ದು ಮಗುಚಿತು. ಹಿಂದಿನ ಸೀಟಿನ ಕೊನೆಯಲ್ಲಿ ಕೂತಿದ್ದ ಹೆಂಗಸು ಜೀಪಿನ ಕೆಳಗೆ ಸಿಕ್ಕು ಅಲ್ಲೇ ತೀರಿಕೊಂಡಳು. ಪಕ್ಕದಲ್ಲಿದ್ದ ಅವಳ ಅಕ್ಕನ ಕೈ ಮುರಿಯಿತು. ಉಳಿದವರಿಗೆ ಗಾಯಗಳಾದವು. ಡ್ರೈವರಿನ ಎದೆಗೆ ಸ್ಟೇರಿಂಗು ಬಡಿದಿತ್ತು.

ಮರುದಿನ ಅವನ ಮೇಲೆ ಕೇಸಾಯಿತು. ಅಜಾಗರೂಕತೆಯಿಂದ ಓಡಿಸಿ ಒಬ್ಬಳ ಸಾವಿಗೆ ಕಾರಣನಾದನೆಂದು. ಕಾಲ ಕೆಳಗೆ ಏನೋ ಕಳಚಿತು, ಗೇರು ಸಿಗಲಿಲ್ಲ ಎಂದು ಅವನು ಹೇಳಿದ್ದನಂತೆ. ಎಲ್ಲ ಡ್ರೈವರುಗಳೂ ಹಾಗೇ ಹೇಳುತ್ತಾರೆ ಎಂದರಂತೆ ಪೊಲೀಸರು. ವಾಹನ ತಪಾಸಣೆಯ ಇನ್‌ಸ್ಪೆಕ್ಟರು ಬಂದು ನೋಡಿ, ಬ್ರೇಕು ಸರಿ, ಸ್ಟೇರಿಂಗು ಸರಿ, ಗೇರ್‌ಬಾಕ್ಸು ಕಂದಕಕ್ಕೆ ಬಿದ್ದ ಪೆಟ್ಟಿಗೆ ಕಳಚಿದೆ ಎಂದು ಬರೆದುಕೊಂಡು ಹೋಗಿದ್ದರು. ಲೈಸೆನ್ಸು ಪೊಲೀಸರ ಬಳಿ ಉಳಿಯಿತು. ಜಾಮೀನಿನ ಮೇಲೆ ಹೊರಬಂದವನು ಐರಣಿಯ ಮನೆ ಸೇರಿ ಹೊರಗೆ ಬರಲಿಲ್ಲ. ಶಿಕ್ಷೆಯಾದರೆ ಅವನು ಮತ್ತೆ ಸ್ಟೇರಿಂಗು ಹಿಡಿಯುವ ಹಾಗಿರಲಿಲ್ಲ. ಹೆಂಗಸರ ಊರಿನವರು ಅವನ ಹೆಸರು ಹೇಳಿ ಮಣ್ಣು ತೂರುತ್ತಿದ್ದರು.

ನಾಲ್ಕನೇ ದಿನ ಮಾಲೀಕರು ನನ್ನನ್ನು ಠಾಣೆಯ ಅಂಗಳಕ್ಕೆ ಕಳಿಸಿದರು, ಗಾಡಿ ರಿಪೇರಿಯಾಗುತ್ತದೋ ಗುಜರಿಗೋ ನೋಡಿ ಹೇಳಲು. ಬೇವಿನ ಮರದ ಕೆಳಗೆ ಜೀಪು ಒಂದು ಪಕ್ಕ ಜಜ್ಜಿಕೊಂಡು ನಿಂತಿತ್ತು. ಸೀಟಿನ ಮೇಲೆ ಯಾರದೋ ಊಟದ ಬುತ್ತಿಯ ಬಟ್ಟೆ ಹಾಗೇ ಬಿದ್ದಿತ್ತು. ನಾನು ಅದನ್ನು ನೋಡದವನ ಹಾಗೆ ಕೆಳಗೆ ತೂರಿದೆ.

ಗೇರ್‌ಬಾಕ್ಸು ಹಿಂದಿನ ಪಟ್ಟಿಯ ಮೇಲೆ ಕೂತು ಮುಂದೆ ನೆಲಕ್ಕೆ ಮೂತಿ ಊರಿತ್ತು. ಕೆಳಗಿನ ಎರಡು ಕಿವಿಗಳಲ್ಲಿ ಒಂದು ಸೀಳಿತ್ತು, ಇನ್ನೊಂದರ ಬೋಲ್ಟು ಮುರಿದಿತ್ತು. ಅದು ಪೆಟ್ಟಿಗೆ ಆದದ್ದೇ. ಆದರೆ ಮೇಲಿನ ಎರಡು ಬೋಲ್ಟು ಮುರಿದಿರಲಿಲ್ಲ. ಇಡಿಯಾಗಿ ಹೊರಬಂದು ಕಿವಿಗಳಲ್ಲಿ ನೇತಾಡುತ್ತಿದ್ದವು. ಪಕ್ಕದ ಎರಡೂ ಹಾಗೆಯೇ. ಪೆಟ್ಟು ಬಿದ್ದರೆ ಬೋಲ್ಟು ಮುರಿಯುತ್ತದೆ, ಇಲ್ಲ ಕಿವಿ ಸೀಳುತ್ತದೆ. ಇಡೀ ಬೋಲ್ಟು ತಿರುಗದೆ ಸೀದಾ ಹೊರಗೆ ಬರುವುದಿಲ್ಲ. ಒಂದನ್ನು ತೆಗೆದು ಅಂಗೈಯಲ್ಲಿಟ್ಟೆ. ಥ್ರೆಡ್ಡಿನ ತುದಿಗಳೆಲ್ಲ ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದವು, ಬೆರಳಾಡಿಸಿದರೆ ನುಣ್ಣಗೆ. ಎಂಜಿನ್ನಿನ ತೂತಿಗೆ ಕಿರುಬೆರಳು ಹಾಕಿದೆ. ಒಳಗಿನ ಥ್ರೆಡ್ಡು ಚೂಪಾಗಿ ಹಾಗೇ ಇತ್ತು. ತೂತು ಸವೆದೇ ಇರಲಿಲ್ಲ.

ಮುರಿದದ್ದಲ್ಲ, ಜಾರಿದ್ದು. ಒಂಬತ್ತು ದಿನ ಸ್ವಲ್ಪ ಸ್ವಲ್ಪವೇ ಜಾರಿ, ಏರಿನಲ್ಲಿ ಭಾರ ಬಿದ್ದಾಗ ಮೇಲಿನ ನಾಲ್ಕೂ ಕೈಬಿಟ್ಟಿದ್ದವು. ಬಾಕ್ಸು ಮೂತಿ ಇಳಿಸಿದಾಗ ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಡ್ರೈವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಒಂದು ಬೋಲ್ಟನ್ನು ಕಿಸೆಗೆ ಹಾಕಿಕೊಂಡು ಸೀದಾ ಲೇತ್ ಅಂಗಡಿಗೆ ಹೋದೆ. ಅಲ್ಲಿಯವರು ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದು ಬಿಟ್ಟು ಬಂದವರು, ಅಳತೆಯಿಲ್ಲದೆ ಮಾತಾಡದ ಮನುಷ್ಯ. ಅವರು ಬೋಲ್ಟಿಗಿಂತ ತೂತು ಮುಖ್ಯವೆಂದು ಒಂದು ಮೆದು ಮರದ ಗೂಟ ಕೆತ್ತಿ ಕೊಟ್ಟು ಕಳಿಸಿದರು. ಠಾಣೆಯ ಅಂಗಳಕ್ಕೆ ಮರಳಿ ಅದನ್ನು ಎಂಜಿನ್ನಿನ ತೂತಿಗೆ ತಿರುಗಿಸಿ ಹೊಕ್ಕಿಸಿ, ಥ್ರೆಡ್ಡಿನ ಅಚ್ಚು ಬಿದ್ದ ಮೇಲೆ ಮೆಲ್ಲಗೆ ತಿರುಗಿಸಿ ತೆಗೆದು ತಂದೆ. ಅವರು ಎರಡನ್ನೂ ಅಳೆದರು. ಬೋಲ್ಟು ಅಂಗುಲದ ಲೆಕ್ಕದ್ದು, ಹಳೆಯ ಜೀಪುಗಳದು, ದಪ್ಪ ಹನ್ನೊಂದು ಮಿಲಿಮೀಟರಿಗೆ ಸ್ವಲ್ಪ ಮೇಲೆ. ತೂತು ಹನ್ನೆರಡು ಮಿಲಿಮೀಟರಿನ ಜಪಾನಿ ಬೋಲ್ಟಿನದು. ಹೆಚ್ಚುಕಡಿಮೆ ಒಂದು ಮಿಲಿಮೀಟರು ವ್ಯತ್ಯಾಸ. ಹಾಗಿದ್ದರೆ ಅದು ತಿರುಗಿ ಒಳಗೆ ಹೋದದ್ದು ಹೇಗೆ ಎಂದು ಕೇಳಿದೆ. ಎರಡರ ಥ್ರೆಡ್ಡಿನ ನಡುವಿನ ಅಂತರ ಬಹುತೇಕ ಒಂದೇ, ಹತ್ತು ಥ್ರೆಡ್ಡಿಗೆ ಕೂದಲೆಳೆಯಷ್ಟು ವ್ಯತ್ಯಾಸ ಎಂದು ತೋರಿಸಿದರು. ಅದಕ್ಕೇ ಎಲ್ಲೂ ತಡೆಯದೆ ನುಣ್ಣಗೆ ಹೋಗುತ್ತದೆ, ಆದರೆ ಥ್ರೆಡ್ಡಿನ ತುದಿ ತುದಿಗೆ ಮಾತ್ರ ತಾಗುತ್ತದೆ.

"ನಮೂನಿ ಎಲ್ಲಿಂದ ತಗದಿದ್ದಿ?" ಎಂದು ಅವರು ಕೇಳಿದರು.

"ಆ ತೂತಿನ್ಯಾಗಿಂದನ ಬಿಚ್ಚಿದ್ದು."

"ಹಂಗಾರ ನಿನಗಿಂತ ಮೊದಲ ಕಟ್ಟಿದಾಂವ ತಪ್ಪು ಹಾಕಿದ್ದ. ನೀ ಅವನ ತಪ್ಪಿನ ನಮೂನಿ ಕಳಿಸಿದಿ. ಅಂಗಡಿಯವರು ಅದಕ್ಕ ಸರೀ ಕೂಡೂದು ಕೊಟ್ಟರು."

ಮೊದಲಿನ ಗ್ಯಾರೇಜಿನವನು ಜೀಪಿನ ಹಳೆಯ ಬೋಲ್ಟುಗಳನ್ನೇ ತಿರುಗಿಸಿದ್ದ. ಹಗುರ ಗೇರ್‌ಬಾಕ್ಸನ್ನು ಅವು ಮೂರು ವರ್ಷ ಹೇಗೋ ಹೊತ್ತಿದ್ದವು. ನಾನು ಭಾರದ್ದನ್ನು ಹೇರಿದೆ. ಖಾಲಿ ಬಿಟ್ಟ ಆ ಎರಡು ತೂತುಗಳ ಬಗ್ಗೆಯೂ ಅವರು ಕೇಳಿದರು. ಅಲ್ಲಿ ಎರಡು ಗಟ್ಟಿ ಪಿನ್ನುಗಳು ಇರಬೇಕಿತ್ತು. ಬಾಕ್ಸಿನ ಭಾರವನ್ನೂ ನೆಟ್ಟಗಿನ ನಿಲುವನ್ನೂ ಅವು ಹಿಡಿಯುತ್ತವೆ, ಬೋಲ್ಟಿನ ಕೆಲಸ ಒತ್ತಿ ಹಿಡಿಯುವುದಷ್ಟೇ. ತಟ್ಟೆ ಕೂರಿಸುವಾಗ ಮೊದಲಿನವನು ಅವನ್ನು ಕಿತ್ತಿದ್ದ. ಲೇತಿನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶೆಡ್ಡಿಗೆ ಬಂದು ಉಸ್ತಾದರಿಗೆ ಹೇಳಿದೆ. ಅವರು ಬೋಲ್ಟನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಥ್ರೆಡ್ಡು ಸವರಿ ನೋಡಿದರು. ಆಮೇಲೆ, ಇನ್‌ಸ್ಪೆಕ್ಟರು ಬರೆದಾಗಿದೆ, ಕೇಸು ಮುಗಿಯುತ್ತದೆ, ಡ್ರೈವರಿಗೆ ಹೆಚ್ಚೆಂದರೆ ಕೆಲವು ತಿಂಗಳು ಜೈಲು; ನೀನು ಬಾಯಿ ಬಿಟ್ಟರೆ ಈ ಶೆಡ್ಡಿಗೆ ಮತ್ತೆ ಗಾಡಿ ಬರುವುದಿಲ್ಲ ಎಂದರು. ಅವರು ಕೆಟ್ಟವರಲ್ಲ. ನಲವತ್ತು ವರ್ಷ ಕಟ್ಟಿದ ಹೆಸರು ಕಣ್ಣು ಹೋಗುವ ಕಾಲಕ್ಕೆ ಮಣ್ಣುಪಾಲಾಗುವುದು ಅವರಿಗೆ ಬೇಡವಾಗಿತ್ತು. ನನಗೂ ಬೇಡವಾಗಿತ್ತು. ಮುಂದಿನ ಎರಡು ದಿನ ನಾನು ಬೇರೆ ಗಾಡಿಗಳ ಕೆಲಸ ಮಾಡಿದೆ, ಮನೆಯಲ್ಲಿ ಉಂಡೆ, ಯಾರೊಂದಿಗೂ ಈ ವಿಷಯ ಎತ್ತಲಿಲ್ಲ. ತಪ್ಪು ಮೊದಲಿನವನದು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಬೋಲ್ಟು ಅಳ್ಳಾಡಿದ್ದು ನೆನಪಾಗುತ್ತಿತ್ತು.

ಮೂರನೆಯ ದಿನ ಐರಣಿಗೆ ಹೋದೆ. ಹೇಳಲೆಂದಲ್ಲ, ಅವನು ಹೇಗಿದ್ದಾನೆ ನೋಡಿ ಬರಲೆಂದು. ಹಾಗೆಂದೇ ಮನೆಯಲ್ಲೂ ಹೇಳಿದ್ದೆ. ಅವನು ಎದೆಗೆ ಪಟ್ಟಿ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಹೆಂಡತಿಗೆ ಚಹಾ ಇಡಲು ಹೇಳಿದ. ಅವನ ಬಲಗೈ ತೊಡೆಯ ಪಕ್ಕದಲ್ಲಿ ಸುಮ್ಮನೆ ಆಡುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನನಗೆ ತಿಳಿಯಿತು, ಅವನು ಗೇರು ಹಾಕಿ ನೋಡುತ್ತಿದ್ದ. ಮೂರರಿಂದ ಎರಡಕ್ಕೆ.

"ಮಿಸ್ತ್ರಿ, ದಿನಾ ಇದನ್ನ ನೋಡಾಕತ್ತೇನಿ," ಎಂದ. "ಐದು ಗೇರಿನ ಬಾಕ್ಸು ನನಗ ಹೊಸಾದು. ಎರಡಕ್ಕ ಹಾಕೂದು ನಾಕಕ್ಕ ಹಾಕಿದ್ನೋ ಏನೋ. ಕಳಚಿತು ಅಂತ ಪೊಲೀಸರ ಮುಂದ ಹೇಳಿದೆ, ಖರೇ. ಈಗ ನನಗ ಸಂಶೇ ಬರಾಕತ್ತೈತಿ. ನಾನ ಕೊಂದೇನಿ ಅಕೀನ್ನ."

ಇನ್‌ಸ್ಪೆಕ್ಟರು ನಂಬದಿದ್ದರೂ ಇರಲಿ, ಊರು ನಂಬದಿದ್ದರೂ ಇರಲಿ, ಈ ಮನುಷ್ಯನಾದರೂ ತನ್ನನ್ನು ತಾನು ನಂಬುತ್ತಾನೆಂದು ನಾನು ತಿಳಿದಿದ್ದೆ. ಆ ನೆಮ್ಮದಿಯ ಮೇಲೇ ಎರಡು ದಿನ ಉಂಡಿದ್ದೆ.

"ಇಲ್ಲಣ್ಣಾ," ಎಂದೆ. "ನೀ ಸರಿಯಾಗೇ ಹಾಕೀದಿ. ಗೇರು ಇರಲೇ ಇಲ್ಲ ಅಲ್ಲೆ. ಬೋಲ್ಟು ನಾ ತಪ್ಪು ಹಾಕೇನಿ."

ಎಲ್ಲವನ್ನೂ ಹೇಳಿದೆ, ತಾಮ್ರದ ಎಳೆಯನ್ನೂ. ಅವನು ಕೇಳುತ್ತ ಕೇಳುತ್ತ ಕೈ ಆಡಿಸುವುದನ್ನು ನಿಲ್ಲಿಸಿದ. ಬೈಯಬಹುದು, ಹೊಡೆಯಲೂ ಬಹುದು ಎಂದುಕೊಂಡಿದ್ದೆ. ಅವನು ಅಂಗಿಯ ಖಾಲಿ ಕಿಸೆಯನ್ನು ಮುಟ್ಟಿ ನೋಡಿಕೊಂಡು, ಆ ಬೋಲ್ಟನ್ನು ತಂದವನು ತಾನೇ ಎಂದಷ್ಟೇ ಅಂದ. ಬಂದ ಚಹಾವನ್ನು ಇಬ್ಬರೂ ಕುಡಿಯಲಿಲ್ಲ.

ಮರುದಿನ ಬೆಳಿಗ್ಗೆ ಠಾಣೆಗೆ ಹೋಗಿ ಅಲ್ಲಿಯ ಅಧಿಕಾರಿ ಫೌಜದಾರರ ಮುಂದೆ ನಿಂತೆ. ಅವರಿಗೆ ಮೊದಲು ನಗು ಬಂತು. ಡ್ರೈವರು ನನಗೇನಾಗಬೇಕು ಎಂದು ಎರಡೆರಡು ಸಲ ಕೇಳಿದರು. ವಾಹನ ತಪಾಸಣೆಯ ಇನ್‌ಸ್ಪೆಕ್ಟರನ್ನು ಮತ್ತೆ ಕರೆಸಲು ನಾಲ್ಕು ದಿನ ತಿರುಗಿದೆ. ಅವರು ಬಂದದ್ದೂ ಸಿಟ್ಟಿನಲ್ಲೇ. ತಾವು ಬರೆದದ್ದನ್ನು ಒಬ್ಬ ಮಿಸ್ತ್ರಿ ತಪ್ಪು ಎನ್ನುವುದನ್ನು ಯಾರು ತಾನೇ ಸಹಿಸುತ್ತಾರೆ? ನಾನು ಮಾತು ಹೆಚ್ಚು ಬೆಳೆಸಲಿಲ್ಲ. ನಾನು ಹಾಕಿದ್ದ ಬೋಲ್ಟನ್ನು ಅವರ ಬೆರಳಿನಿಂದಲೇ ಎಂಜಿನ್ನಿನ ತೂತಿಗೆ ತಿರುಗಿಸಲು ಕೇಳಿಕೊಂಡೆ. ಕೊನೆಯವರೆಗೆ ಹೋಯಿತು. ಅಲುಗಿಸಿ ಎಂದೆ. ಅಲುಗಿಸಿದರು. ಆಮೇಲೆ ಲೇತಿನವರು ಹುಡುಕಿ ಕೊಟ್ಟಿದ್ದ ಹನ್ನೆರಡರ ಜಪಾನಿ ಬೋಲ್ಟನ್ನು ಕೊಟ್ಟೆ. ಅದೂ ಹೋಯಿತು, ಅಲುಗಲಿಲ್ಲ. ಅವರು ಎರಡನ್ನೂ ಮತ್ತೊಮ್ಮೆ ಹಾಕಿ ತೆಗೆದು, ಕಿವಿಯಲ್ಲಿ ನೇತಾಡುತ್ತಿದ್ದ ಉಳಿದ ಬೋಲ್ಟುಗಳನ್ನು ಒಂದೊಂದಾಗಿ ನೋಡಿದರು. ಮೇಲಿನದರ ಥ್ರೆಡ್ಡಿನಲ್ಲಿ ತಾಮ್ರದ ಚೂರು ಇನ್ನೂ ಅಂಟಿತ್ತು. ಇದೇನೆಂದು ಕೇಳಿದರು.

"ಅಳ್ಳಾಡತಿತ್ತು ಸಾಹೇಬ್ರ. ಅದಕ್ಕ ಹಾಕಿದ್ದೆ."

"ಅಂದರ ನಿನಗ ಗೊತ್ತಾಗಿತ್ತು."

"ಹೌದ್ರಿ. ಗೊತ್ತಾಗಿತ್ತು."

ಅವರು ಅದನ್ನು ಹಾಗೆಯೇ ಬರೆದುಕೊಂಡರು. ಹೊಸ ವರದಿ ಹೋಯಿತು. ಹೆಚ್ಚು ಮಂದಿಯನ್ನು ಕೂರಿಸಿದ್ದಕ್ಕೆ ಡ್ರೈವರಿಗೆ ದಂಡ ಉಳಿಯಿತು. ಸಾವಿನ ಆರೋಪದಿಂದ ಅವನ ಹೆಸರು ಹೋಗಿ ಅಲ್ಲಿ ನನ್ನದು ಬಂತು. ನನ್ನ ಕೇಸು ಮುಂದೆ ಕೆಲವು ವರ್ಷ ನಡೆದು ದಂಡದಲ್ಲಿ ಮುಗಿಯಿತು. ತಾಮ್ರದ ಎಳೆ ಕೊಡಲು ಹೇಳಿದವರು ಉಸ್ತಾದರು ಎಂಬುದನ್ನು ನಾನು ಎಲ್ಲೂ ಹೇಳಲಿಲ್ಲ. ಬೆರಳಲ್ಲಿ ಅಲುಗಾಟ ಕಂಡವನು ನಾನು. ಉಸ್ತಾದರಿಗೆ ಅದು ತಿಳಿದು ಒಂದು ದಿನ, "ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದರು. ಕೃತಜ್ಞತೆಯಿಂದ ಕೇಳಿದ್ದಲ್ಲ, ನೊಂದು ಕೇಳಿದ್ದು. ಆ ವಾರದಿಂದ ಅವರು ಶೆಡ್ಡಿಗೆ ಬರುವುದನ್ನು ಬಿಟ್ಟರು. ಗಾಡಿಗಳೂ ಅವರು ಹೇಳಿದ ಹಾಗೆಯೇ ಬರುವುದು ನಿಂತವು.

ಲೈಸೆನ್ಸು ಕೈಗೆ ಬಂದ ದಿನ ಡ್ರೈವರು ಮಾಲೀಕರನ್ನು ಕರೆದುಕೊಂಡು ಬಂದ. ಜೀಪು ಬಿಡಿಸಿದ್ದರು. ಮಾಲೀಕರಿಗೆ ನನ್ನ ಮುಖ ನೋಡುವ ಮನಸ್ಸಿರಲಿಲ್ಲ, ಹುಬ್ಬಳ್ಳಿಗೆ ಒಯ್ಯುವ ವಿಚಾರ ಮಾಡಿದ್ದರು. ಇದೇ ಮಿಸ್ತ್ರಿ ಕಟ್ಟಿದರೆ ಮಾತ್ರ ತಾನು ಓಡಿಸುವುದು ಎಂದು ಡ್ರೈವರು ಹಟ ಹಿಡಿದಿದ್ದ. ಏಕೆಂದು ನಾನು ಕೇಳಿದ್ದಕ್ಕೆ, ಇನ್ನು ಆ ತೂತನ್ನು ನಿನ್ನಷ್ಟು ಬಲ್ಲವರು ಯಾರಿದ್ದಾರೆ ಎಂದ.

ಈ ಸಲ ಬೋಲ್ಟಿಗಾಗಿ ನಾನೇ ಹಾವೇರಿಗೆ ಹೋದೆ. ಲೇತಿನವರು ಚೀಟಿಯಲ್ಲಿ ದಪ್ಪ, ಥ್ರೆಡ್ಡಿನ ಅಂತರ, ಉದ್ದ, ಗಟ್ಟಿತನ ನಾಲ್ಕನ್ನೂ ಬರೆದುಕೊಟ್ಟಿದ್ದರು. ಅಂಗಡಿಯವರು ಚೀಟಿಯನ್ನು ತಿರುಗಿಸಿ ನೋಡಿ, "ನಮೂನಿ ಎಲ್ಲೈತಿ?" ಎಂದರು. ನಮೂನೆ ಇಲ್ಲ ಎಂದೆ. ನಮೂನೆಯಿಲ್ಲದೆ ಕೊಟ್ಟರೆ ಆಮೇಲೆ ತಿರುಗಿ ತರಬೇಡ ಎಂದು ಗೊಣಗಿದರು. ಜಾರಿ ಜೀಪು ಬೀಳಿಸಿದ ಬೋಲ್ಟುಗಳನ್ನು ಡ್ರೈವರಿಗೆ ಕೊಟ್ಟವರು ತಾವೇ ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ; ಅವರ ತಪ್ಪೇನೂ ಇರಲಿಲ್ಲ. ಜಪಾನಿ ಸಣ್ಣ ಲಾರಿಗಳ ಸಾಮಾನಿನ ಪೆಟ್ಟಿಗೆಯಿಂದ ಆರು ಸಿಕ್ಕವು. ತಲೆಯ ಮೇಲೆ ಗಟ್ಟಿತನದ ಅಂಕಿ ಇದೆಯೋ ಇಲ್ಲವೋ ಆರನ್ನೂ ನೋಡಿ ತಂದೆ.

ಮಾಲೀಕರು ಕಿವಿ ಸೀಳಿದ ಗೇರ್‌ಬಾಕ್ಸಿನ ಹೊರಚಿಪ್ಪಿನ ಬದಲು ಬೇರೊಂದು ತರಿಸಿದ್ದರು. ಎಂಜಿನ್ನಿನ ಆರೂ ತೂತಿಗೆ ಟ್ಯಾಪು ಹೊಡೆದು ಥ್ರೆಡ್ಡು ತಿದ್ದಿ, ಸೀಮೆಎಣ್ಣೆಯಲ್ಲಿ ತೊಳೆದೆ. ತೂತಿನ ಆಳವನ್ನು ಸೈಕಲ್ಲಿನ ಕಡ್ಡಿ ಇಳಿಸಿ ಅಳೆದೆ. ಬೋಲ್ಟು ಉದ್ದವಾಗಿ ತೂತಿನ ತಳಕ್ಕೆ ತಾಗಿದರೆ ಬಿಗಿಯಾದ ಹಾಗೆ ತೋರುತ್ತದೆ, ಬಾಕ್ಸನ್ನು ಹಿಡಿದಿರುವುದಿಲ್ಲ. ಒಂದೊಂದರ ತುದಿಗೂ ತಳಕ್ಕೂ ನಡುವೆ ಎರಡು ಥ್ರೆಡ್ಡಿನಷ್ಟು ಜಾಗ ಉಳಿಯುವುದನ್ನು ನೋಡಿಕೊಂಡೆ. ಲೇತಿನವರು ತಿರುವಿ ಕೊಟ್ಟ ಎರಡು ಪಿನ್ನುಗಳನ್ನು ಹೊಡೆದು ಕೂರಿಸಿದೆ. ಬಾಕ್ಸನ್ನು ಬೋಲ್ಟಿನಿಂದ ಎಳೆಯದೆ, ಪಿನ್ನಿನ ಮೇಲೆ ತಾನಾಗಿ ಕೂತ ಮೇಲೆಯೇ ಬೋಲ್ಟು ಹಾಕಿದೆ. ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿದೆ, ಕೊನೆಯ ಸುತ್ತನ್ನು ಲೇತಿನವರ ಅಳತೆ ತೋರಿಸುವ ಸ್ಪ್ಯಾನರಿನಿಂದ. ಡ್ರೈವರು ಮೂರು ದಿನವೂ ಪಕ್ಕದಲ್ಲಿ ಕೂತು ನೋಡಿದ. ಪ್ರತಿ ಬೋಲ್ಟನ್ನೂ ಬಿಗಿಯುವ ಮೊದಲು ಅವನು ಬೆರಳಿನಿಂದ ಅಲುಗಿಸಿ ನೋಡುತ್ತಿದ್ದ. ನಾನು ಕಾಯುತ್ತಿದ್ದೆ.

ಖಾಲಿ ಗಾಡಿಯಲ್ಲಿ ಇಬ್ಬರೂ ಒಂದು ವಾರ ತಿರುಗಿದೆವು. ದಿನಾ ಇಳಿದು ನೋಡಿದೆ, ಯಾವುದೂ ಒಂದು ನೂಲಿನಷ್ಟೂ ಸರಿದಿರಲಿಲ್ಲ. ಸುಗ್ಗಿ ಮುಗಿಯಲು ಇನ್ನೂ ತಿಂಗಳಿತ್ತು. ಮಾಲೀಕರು ಹೆಂಗಸರನ್ನು ಕರೆತರಲು ಹೇಳಿದರು. ಹೋಗುವ ದಿನ ಬೆಳಿಗ್ಗೆ ಡ್ರೈವರು ಶೆಡ್ಡಿನ ಮುಂದೆ ಜೀಪು ನಿಲ್ಲಿಸಿ, ಬಾ ಎಂದಷ್ಟೇ ಹೇಳಿದ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ. ಬರುವುದಿಲ್ಲ ಎನ್ನಲು ನನಗೂ ಇರಲಿಲ್ಲ.

ಹೆಂಗಸರು ಊರ ಮುಂದಿನ ಕಟ್ಟೆಯ ಬಳಿ ಬುತ್ತಿ ಹಿಡಿದು ನಿಂತಿದ್ದರು. ಜೀಪು ನಿಂತಿತು, ಯಾರೂ ಹತ್ತಲಿಲ್ಲ. ಬಸ್ಸಿಗೆ ಹೋಗಲು ಮೂರು ಮೈಲಿ ನಡೆಯಬೇಕು; ಇಷ್ಟು ದಿನ ಹಾಗೆಯೇ ನಡೆದಿದ್ದರು. ಇಬ್ಬರು ನಡೆಯಲು ಶುರುಮಾಡಿಯೇ ಬಿಟ್ಟರು. ತೀರಿಕೊಂಡವಳ ಅಕ್ಕ ಅವರ ನಡುವೆ ಇದ್ದಳು. ಎಡಗೈಗೆ ಇನ್ನೂ ಎಣ್ಣೆಪಟ್ಟಿ ಸುತ್ತಿತ್ತು. ಅವಳು ಡ್ರೈವರನ್ನು ಬಿಟ್ಟು ನನ್ನ ಮುಂದೆ ಬಂದು ನಿಂತಳು.

"ಇದನ್ನ ಕಟ್ಟಿದಾಂವ ನೀನ ಏನು?"

"ಹೌದವ್ವಾ."

"ಆವಾಗೂ ನೀನ?"

"ಹೌದು. ಆವಾಗೂ ನಾನ."

ಅವಳು ಬಾಗಿ ಜೀಪಿನ ಕೆಳಗೆ ನೋಡಿದಳು, ಏನಾದರೂ ಕಂಡಿತೆಂದಲ್ಲ. ಮತ್ತೆ ಎದ್ದು ನಿಂತಳು. ಕ್ಷಮಿಸಿ ಎನ್ನುವ ಮಾತು ನನ್ನ ಬಾಯಿಯವರೆಗೆ ಬಂದು ಅಲ್ಲೇ ಉಳಿಯಿತು. ಆ ಮಾತು ಅವಳಿಗೆ ಯಾವ ಕೆಲಸಕ್ಕೆ ಬರುತ್ತಿತ್ತು?

"ಮುಂದ ಕುಂದರಬ್ಯಾಡ," ಎಂದಳು. "ಹಿಂದ ಕುಂದರು, ತುದಿಗೆ. ನೀ ಕುಂತರ ನಾವು ಕುಂದರತೀವಿ."

ಅದು ಅವಳ ತಂಗಿ ಕೂತಿದ್ದ ಜಾಗ. ನಾನು ಹತ್ತಿ ಕೂತೆ. ಆಮೇಲೆ ಒಬ್ಬೊಬ್ಬರಾಗಿ ಹತ್ತಿದರು, ಎಂಟು ಮಂದಿಯ ಮೇಲೆ ಒಬ್ಬರೂ ಇಲ್ಲ. ಅವಳು ಕೊನೆಗೆ ಹತ್ತಿ ನನ್ನ ಎದುರಿಗೆ ಕೂತಳು. ಜೀಪು ಬಿದ್ದಿದ್ದ ಏರು ಬೆಳಿಗ್ಗೆ ಹೋಗುವಾಗ ಇಳಿಜಾರು, ಏನೂ ಅನ್ನಿಸಲಿಲ್ಲ. ದಿನವಿಡೀ ಬ್ಯಾಡಗಿಯ ಅಂಗಡಿಯಲ್ಲಿ ಕಾಯಿಯ ಘಾಟಿಗೆ ಸೀನುತ್ತ ಕೂತೆ. ಸಂಜೆ ತಿರುಗಿ ಬರುವಾಗ ಆ ಏರು ಬಂತು. ಡ್ರೈವರು ಬುಡದಲ್ಲೇ ಎರಡನೇ ಗೇರಿಗೆ ಇಳಿಸಿದ. ಎಂಜಿನ್ನಿನ ಶಬ್ದ ಭಾರವಾಯಿತು. ಹೆಂಗಸರ ಮಾತು ನಿಂತಿತು. ಯಾರೂ ರಸ್ತೆಯ ಕಡೆಗಾಗಲಿ ಕಂದಕದ ಕಡೆಗಾಗಲಿ ನೋಡಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಹೆದರಿಕೆಯಾಗಿತ್ತು. ಆರು ಬೋಲ್ಟನ್ನೂ ನನ್ನ ಕೈಯಿಂದ ಅಳೆದು ಬಿಗಿದಿದ್ದೆ, ಎಲ್ಲವೂ ಸರಿಯಾಗಿದೆ ಎಂದು ಗೊತ್ತಿತ್ತು, ಆದರೂ ಅಂಗಾಲು ಬೆವರಿ ಚಪ್ಪಲಿ ಜಾರುತ್ತಿತ್ತು. ಅದನ್ನು ಅವರಿಂದ ಮುಚ್ಚಿಡಲು ಆಗಲಿಲ್ಲ.

ಜೀಪು ಏರು ಹತ್ತಿ ಊರು ಮುಟ್ಟಿತು. ಒಬ್ಬೊಬ್ಬರೇ ಇಳಿದು ಸೆರಗಿನ ಧೂಳು ಕೊಡವಿಕೊಂಡು ಮನೆಗಳ ಕಡೆ ಹೋದರು. ಅವಳು ಇಳಿಯಲು ನಾನು ಕೈ ಕೊಡಹೋದೆ. ಅವಳು ಹಿಡಿಯಲಿಲ್ಲ, ಒಂದೇ ಕೈಯಲ್ಲಿ ಕಂಬಿ ಹಿಡಿದು ತಾನೇ ಇಳಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತು, "ನಾಳಿಗೂ ಬಾ," ಎಂದಳು.

ಸುಗ್ಗಿ ಮುಗಿಯುವವರೆಗೆ ಹೋದೆ.